ಶಾಹು ಮಹಾರಾಜರ ಕುಸ್ತಿಯ ಲೆಕ್ಕ

ಕಣಗಲಾದಿಂದ ಪುಣೆ–ಬೆಂಗಳೂರು ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಸ್ತವನಿಧಿ ಘಟ್ಟ, ನಿಪ್ಪಾಣಿ, ಆಮೇಲೆ ವೇದಗಂಗಾ, ದೂಧಗಂಗಾ ದಾಟಿ ಕಾಗಲ, ಅದರ ಮುಂದೆ ಕೊಲ್ಹಾಪುರ. ನಮ್ಮ ಹುಕ್ಕೇರಿ ಸೀಮೆಯ ಬೆಲ್ಲ ಈ ದಾರಿಯಲ್ಲಿ ಹೋಗಿದೆ, ನಿಪ್ಪಾಣಿಯ ತಂಬಾಕು ಹೋಗಿದೆ, ದವಾಖಾನೆಗೆ ರೋಗಿಗಳು, ಅಂಬಾಬಾಯಿಗೆ ಭಕ್ತರು ಹೋಗಿದ್ದಾರೆ. ಪೈಲ್ವಾನರೂ ಹೋಗಿದ್ದಾರೆ. ಊರ ತಾಲೀಮಿನಲ್ಲಿ, ಅಂದರೆ ಗರಡಿಯಲ್ಲಿ, ನಾಲ್ಕು ಪಟ್ಟು ಕಲಿತು, ಜಾತ್ರೆಯ ಫಡದಲ್ಲಿ ಎರಡು ಜೋಡಿ ಗೆದ್ದು, ಎದೆ ಉಬ್ಬಿಸಿಕೊಂಡು ಬಂದ ಹುಡುಗನಿಗೆ ವಸ್ತಾದರು ಹೇಳುತ್ತಿದ್ದ ಮಾತು ಒಂದೇ: ‘ಇನ್ನ ಇಲ್ಲಿ ನಿನಗ ಜೋಡಿ ಸಿಗೂದಿಲ್ಲೋ ತಮ್ಮಾ, ಕೊಲ್ಲಾಪುರಕ್ಕ ಹೋಗು.’ ಬೆಳಗಾವಿಗೆ ಹೋಗು ಎನ್ನಲಿಲ್ಲ, ಮೈಸೂರಿಗೆ ಹೋಗು ಎನ್ನಲಿಲ್ಲ. ಕೊಲ್ಹಾಪುರವೇ ಯಾಕೆ ಎಂದು ಕೇಳಿದರೆ ಉತ್ತರ ಕೊನೆಗೆ ಒಬ್ಬ ಮನುಷ್ಯನ ಹತ್ತಿರ ಹೋಗಿ ನಿಲ್ಲುತ್ತದೆ.

ಆ ಮನುಷ್ಯ ರಾಜರ್ಷಿ ಶಾಹು ಮಹಾರಾಜ. ಅವರನ್ನು ನಾವು ಮೀಸಲಾತಿಯ ಜನಕರೆಂದು ಓದಿದ್ದೇವೆ, ಅಂಬೇಡ್ಕರರ ಬೆನ್ನಿಗೆ ನಿಂತವರೆಂದು ಓದಿದ್ದೇವೆ. ಅವರ ಕುಸ್ತಿಯನ್ನು ಮಾತ್ರ ಜೀವನಚರಿತ್ರೆಗಳ ಕೊನೆಯ ಪುಟಗಳಿಗೆ, ‘ಮಹಾರಾಜರ ಹವ್ಯಾಸಗಳು’ ಎಂಬ ತಲೆಬರಹದ ಕೆಳಗೆ, ಬೇಟೆ ಮತ್ತು ಕುದುರೆಗಳ ಜೊತೆ ತಳ್ಳಿಬಿಡುವುದು ರೂಢಿ. ನನ್ನ ತಕರಾರು ಇರುವುದು ಇಲ್ಲೇ. ಗಡಿನಾಡಿನ ಹಳ್ಳಿಗಳ ಮಟ್ಟಿಗೆ ಅದು ಹವ್ಯಾಸದಷ್ಟು ಸಣ್ಣ ಸಂಗತಿಯಾಗಿರಲಿಲ್ಲ. ಅವರು ಸ್ವತಃ ಮಣ್ಣಿಗಿಳಿದ ಪೈಲ್ವಾನರು, ಮೇಲಾಗಿ ಕುಸ್ತಿಯನ್ನು ಕಟ್ಟಿಸಿದ ಯಜಮಾನರು. ಹಾಗಾಗಿ ಈ ಕಡೆಯ ಲೆಕ್ಕವನ್ನೂ ಜಮಾ–ಖರ್ಚು ಎರಡೂ ಬರೆದು ನೋಡಬೇಕು.

ಮೊದಲು ಅವರ ಊರು–ಕೇರಿ. 1874ರ ಜೂನ್ 26ರಂದು ಹುಟ್ಟಿದ ಯಶವಂತರಾವ್ ಘಾಟಗೆ ಕಾಗಲದ ಜಹಗೀರುದಾರರ ಮನೆಯ ಮಗ. ತಾಯಿ ರಾಧಾಬಾಯಿ ನಮ್ಮ ಮುಧೋಳದ ರಾಜಮನೆತನದವರು. 1884ರಲ್ಲಿ ಹತ್ತು ವರ್ಷ ತುಂಬುವ ಮೊದಲೇ ಕೊಲ್ಹಾಪುರದ ಗಾದಿಗೆ ದತ್ತಕ ಹೋಗಿ ಶಾಹು ಛತ್ರಪತಿಯಾದರು. ಓದು ಮೊದಲು ರಾಜಕೋಟದಲ್ಲಿ, 1890ರಿಂದ ಧಾರವಾಡದಲ್ಲಿ. ಅಲ್ಲಿ ಸ್ಟುವರ್ಟ್ ಫ್ರೇಸರ್ ಎಂಬ ಬ್ರಿಟಿಷ್ ಅಧಿಕಾರಿ ಅವರಿಗೆ ಪಾಠ ಹೇಳಿದ. ಇದೇ ಫ್ರೇಸರ್ ಮುಂದೆ ಮೈಸೂರಿಗೆ ಹೋಗಿ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುವಾದ. ಒಬ್ಬನೇ ಮೇಷ್ಟರ ಕೈಯಲ್ಲಿ ಪಳಗಿದ ಇಬ್ಬರು ರಾಜರು, ಇಬ್ಬರ ಊರಿನಲ್ಲೂ ಕುಸ್ತಿಗೆ ರಾಜಾಶ್ರಯ. ಆದರೆ ಇಬ್ಬರ ಕುಸ್ತಿಯೂ ಬೇರೆ ಬೇರೆ ದಾರಿ ಹಿಡಿಯಿತು. ಆ ಮಾತಿಗೆ ಮುಂದೆ ಬರುತ್ತೇನೆ.

1894ರ ಏಪ್ರಿಲ್ 2ರಂದು ಅಧಿಕಾರ ಕೈಗೆ ಬಂದಾಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಆಳೆತ್ತರದ ಭಾರೀ ಮೈಕಟ್ಟು. ಹಾಗೆಂದು ಅವರೇ ಮೊದಲ ಕುಸ್ತಿಪ್ರಿಯ ರಾಜರೇನಲ್ಲ. ಬಡೋದೆಯ ಖಂಡೇರಾವ್ ಗಾಯಕವಾಡರು ಅವರಿಗಿಂತ ಒಂದು ತಲೆಮಾರು ಮೊದಲೇ ಪೈಲ್ವಾನರನ್ನು ಸಾಕಿದ್ದರು. ದತಿಯಾ ಮತ್ತು ಪಟಿಯಾಲದ ಅರಸರು ಪಂಜಾಬಿನ ಪೈಲ್ವಾನ ಗಾಮಾನಂಥವನಿಗೆ ಹಾಲು, ತುಪ್ಪ, ಬಾದಾಮಿ ಒದಗಿಸಿದರು. ಪೈಲ್ವಾನನೆಂದರೆ ಆನೆ, ಕುದುರೆ, ಗವಯಿಗಳ ಜೊತೆ ಅರಮನೆಯ ವೈಭವದ ಒಂದು ಭಾಗ. ಕುಸ್ತಿ ನಡೆದರೆ ಅರಮನೆಯ ಅಂಗಳದಲ್ಲಿ, ಆಮಂತ್ರಣ ಇದ್ದವರ ಮುಂದೆ. ಬಡವ ನೋಡಬೇಕೆಂದರೆ ಊರ ಜಾತ್ರೆ, ಉರುಸು, ನಾಗರಪಂಚಮಿಗೆ ಕಾಯಬೇಕು. ಅಲ್ಲಿ ಸುತ್ತ ನಿಂತ ಜನರ ಭುಜಗಳ ಸಂದಿನಲ್ಲಿ ಕಂಡಷ್ಟೇ ಕುಸ್ತಿ.

1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆಂದು ಮಹಾರಾಜರು ವಿಲಾಯತಿಗೆ ಹೋದರು. ಆ ಪ್ರವಾಸದಲ್ಲಿ ಇಟಲಿಯಲ್ಲಿ ಹಳೆಯ ರೋಮನ್ನರ ಬಯಲು ರಂಗಭೂಮಿ ನೋಡಿ, ಇಂಥದ್ದೊಂದು ನಮ್ಮ ಊರಿನಲ್ಲಿ ಕುಸ್ತಿಗೆ ಇರಬೇಕು ಎಂದು ಮನಸ್ಸಿನಲ್ಲಿ ಬರೆದುಕೊಂಡು ಬಂದರು ಎಂದು ಕೊಲ್ಹಾಪುರದ ಜನ ಇವತ್ತಿಗೂ ಹೇಳುತ್ತಾರೆ. ಅವರು ವಿಲಾಯತಿಯಲ್ಲಿ ಇದ್ದಾಗಲೇ, ಜುಲೈ 26ರಂದು, ಸಂಸ್ಥಾನದ ಖಾಲಿ ನೌಕರಿಗಳಲ್ಲಿ ನೂರಕ್ಕೆ ಐವತ್ತು ಹಿಂದುಳಿದ ಜಾತಿಗಳಿಗೆ ಎಂಬ ಆಜ್ಞೆ ಹೊರಬಿತ್ತು. ಈ ಎರಡನ್ನೂ ಚರಿತ್ರೆಕಾರರು ಬೇರೆ ಬೇರೆ ಅಧ್ಯಾಯದಲ್ಲಿ ಇಡುತ್ತಾರೆ. ನನಗೆ ಎರಡೂ ಒಂದೇ ತಲೆಯಿಂದ ಬಂದದ್ದಾಗಿ ಕಾಣುತ್ತದೆ. ಬಾಗಿಲಲ್ಲಿ ನಿಂತವರು ಒಳಗೆ ಬರಬೇಕು, ಹಿಂದೆ ನಿಂತವರಿಗೂ ಕಾಣಬೇಕು ಎಂಬ ಹಟ ಎರಡರಲ್ಲೂ ಇದೆ.

ಖಾಸಬಾಗ ಮೈದಾನ ಸಿದ್ಧವಾದದ್ದು 1912ರಲ್ಲಿ. ಕಟ್ಟಡವೆನ್ನುವುದಕ್ಕಿಂತ ಅದನ್ನು ನೆಲಕ್ಕೆ ಕೊಟ್ಟ ಆಕಾರ ಎನ್ನಬೇಕು. ನಡುವೆ ದುಂಡಗೆ ಕುಸ್ತಿಯ ಕಣ. ಅದರ ಸುತ್ತ ನಾಲ್ಕೂ ದಿಕ್ಕಿಗೆ ಏರುತ್ತ ಹೋಗುವ ಇಳಿಜಾರು. ಕಂಬವಿಲ್ಲ, ಚಾವಣಿಯಿಲ್ಲ, ಕುರ್ಚಿಯಿಲ್ಲ. ಜನ ಟವೆಲ್ ಹಾಸಿ ನೆಲದ ಮೇಲೆ ಕೂಡಬೇಕು. ಇಪ್ಪತ್ತು–ಮೂವತ್ತು ಸಾವಿರ ಜನ ತುಂಬಿದರೂ ಕಟ್ಟಕಡೆಯ ಸಾಲಿನವನಿಗೆ ಎದುರು ಕೂತವನ ತಲೆ ಅಡ್ಡ ಬರುವುದಿಲ್ಲ, ಕಣದ ಮಣ್ಣು ನೇರ ಕಾಣುತ್ತದೆ. ಅದರ ಪಕ್ಕದಲ್ಲೇ ಪ್ಯಾಲೇಸ್ ಥಿಯೇಟರ್ ಎದ್ದಿತು, ಮುಂದೆ ಗಾಯಕನಟ ಕೇಶವರಾವ್ ಭೋಸಲೆ ಅವರ ಹೆಸರು ಪಡೆಯಿತು. ಒಂದು ಕಡೆ ನಾಟಕ, ಗೋಡೆಯಾಚೆ ಕುಸ್ತಿ. ರಾಜರ ಅಭಿರುಚಿಯ ನಕ್ಷೆಯೇ ಅಲ್ಲಿ ನೆಲದ ಮೇಲಿದೆ. (ಆ ನಾಟ್ಯಗೃಹ 2024ರ ಆಗಸ್ಟಿನಲ್ಲಿ ಬೆಂಕಿಗೆ ಸುಟ್ಟುಹೋದಾಗ ಗಡಿಯ ಈಚೆಗಿನ ನಾವೂ ಮರುಗಿದೆವು.)

ಉದ್ಘಾಟನೆಯ ಕುಸ್ತಿಗೆ ಕೂಡಿಸಿದ ಜೋಡಿ ಇಮಾಮ್ ಬಕ್ಷ್ ಮತ್ತು ಗುಲಾಮ್ ಮೊಹಿದ್ದೀನ್. ಇಮಾಮ್ ಬಕ್ಷ್ ಗಾಮಾನ ತಮ್ಮ. ಎರಡು ವರ್ಷ ಮೊದಲು ಅಣ್ಣನ ಜೊತೆ ಲಂಡನ್ನಿಗೆ ಹೋಗಿ, ಸ್ವಿಸ್ ಪೈಲ್ವಾನ ಜಾನ್ ಲೆಮ್ಮನನ್ನು ಕೆಡವಿ ಬಂದಿದ್ದ. ಖಾಸಬಾಗದಲ್ಲೂ ಗೆದ್ದವನು ಅವನೇ. ಎರಡು ಜೋಡಿ ಕಾಲು ಆ ಮಣ್ಣಿನ ಮೇಲೆ ಎದುರಾಬದುರಾದಾಗ ಸುತ್ತ ಕೂತಿದ್ದವರು ಯಾರೆಂದು ಒಮ್ಮೆ ಎಣಿಸಿಕೊಳ್ಳಿ. ಕೊಲ್ಹಾಪುರದ ಪೇಟೆಯವರು, ಪಂಚಗಂಗೆಯ ಕಬ್ಬಿನವರು, ಜೊತೆಗೆ ಸಂಸ್ಥಾನದ ಕನ್ನಡ ಊರುಗಳವರು. ಇವತ್ತು ಬೆಳಗಾವಿ ಜಿಲ್ಲೆಯಲ್ಲಿರುವ ರಾಯಬಾಗ ಅಂದು ಕೊಲ್ಹಾಪುರ ಸಂಸ್ಥಾನದ್ದು, ರಾಮದುರ್ಗದ ಹತ್ತಿರದ ಕಟಕೋಳವೂ ಅದರದ್ದೇ. ಸಂಕೇಶ್ವರಕ್ಕೆ ಅಂಟಿಕೊಂಡ ಗಡಹಿಂಗ್ಲಜ ಆಗಲೂ ಈಗಲೂ ಕನ್ನಡ–ಮರಾಠಿ ಕಲಸಿದ ಊರು. ಕಣಗಲಾ, ಹುಕ್ಕೇರಿ, ಗೋಕಾಕ ಮಾತ್ರ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ಆಡಳಿತದ ಗೆರೆ ಹಾಗಿತ್ತು. ಕುಸ್ತಿಯ ಗೆರೆ ಬೇರೆ. ಅದು ಎತ್ತಿನಗಾಡಿ ಒಂದು ರಾತ್ರಿಯಲ್ಲಿ ಎಷ್ಟು ದೂರ ಹೋಗುತ್ತದೋ ಅಷ್ಟು.

ಪಂಜಾಬಿನ ಪೈಲ್ವಾನ ಸಹ್ಯಾದ್ರಿಯ ಬುಡಕ್ಕೆ ಬಂದದ್ದು ಹೇಗೆ? ರೈಲಿನಿಂದ. ಮಿರಜದಿಂದ ಕೊಲ್ಹಾಪುರಕ್ಕೆ ಸಂಸ್ಥಾನದ ಸ್ವಂತ ರೈಲು ಹಳಿ 1891ರಲ್ಲೇ ಬಂದಿತ್ತು. ಅಧಿಕಾರ ಹಿಡಿದ ಮರುವರ್ಷ ಮಹಾರಾಜರು ಸ್ಟೇಷನ್ ಹತ್ತಿರ ಶಾಹುಪುರಿ ಪೇಟೆ ಹಾಕಿಸಿದರು, ಅದು ಬೆಲ್ಲದ ದೊಡ್ಡ ಮಾರುಕಟ್ಟೆಯಾಯಿತು. ಪೇಟೆಗೆ ಬಂದ ರೈತನ ಕೈಯಲ್ಲಿ ನಗದು, ಊರಿನಲ್ಲಿ ನೋಡಲು ಕುಸ್ತಿ. ಈ ಜೋಡಣೆ ಬರೀ ಅದೃಷ್ಟವಲ್ಲ. ಉತ್ತರದ ಹೆಸರಾಂತ ಪೈಲ್ವಾನರನ್ನು ಕರೆಸಿ, ಇರಲು ಜಾಗ ಕೊಟ್ಟು, ಖುರಾಕು ಕಟ್ಟಿಕೊಟ್ಟು, ಅವರ ಜೊತೆ ನಮ್ಮ ಕಡೆಯ ಹುಡುಗರಿಗೆ ಜೋರು ಮಾಡಿಸುವುದು ಅವರ ಪದ್ಧತಿ. ದಕ್ಷಿಣದ ಹುಡುಗ ಚುರುಕು, ಕಾಲಿಗೆ ಬೀಳುವುದರಲ್ಲಿ ನಿಪುಣ. ಪಂಜಾಬಿನವನು ಭಾರ, ಕುತ್ತಿಗೆಯ ಮೇಲೆ ಕೈ ಇಟ್ಟರೆ ಬಂಡೆ ಇಟ್ಟಂತೆ. ಇಬ್ಬರೂ ಒಂದೇ ಮಣ್ಣಿನಲ್ಲಿ ದಿನಾ ಬೆಳಗ್ಗೆ ಉರುಳಾಡಿದ್ದರಿಂದ ಕೊಲ್ಹಾಪುರದ ಕುಸ್ತಿಗೆ ಒಂದು ಸ್ವಂತ ರೀತಿ ಬಂತು.

ಆ ಮಣ್ಣಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ತಾಲೀಮಿನ ಮಣ್ಣೆಂದರೆ ಹೊಲದಿಂದ ತಂದು ಸುರಿದದ್ದಲ್ಲ. ಕೆಂಪು ಮಣ್ಣನ್ನು ಜರಡಿ ಹಿಡಿದು, ಹರಳು ತೆಗೆದು, ಅದಕ್ಕೆ ಎಣ್ಣೆ, ಮಜ್ಜಿಗೆ, ಲಿಂಬೆರಸ, ಅರಿಶಿನ, ಕರ್ಪೂರ ಕಲಸುತ್ತಾರೆ. ಗಾಯಕ್ಕೆ ಅದೇ ಔಷಧ, ಬೆವರಿಗೆ ಅದೇ ಒರಸುಬಟ್ಟೆ. ನಸುಕಿನಲ್ಲಿ ಹುಡುಗರು ಸನಿಕೆ ಹಿಡಿದು ಅದನ್ನು ಅಗೆದು ಹದ ಮಾಡುವುದೇ ಮೊದಲ ಸಾಮು. ಆಮೇಲೆ ಹನುಮಪ್ಪನ ಪಟಕ್ಕೆ ಊದಿನಕಡ್ಡಿ, ಆಮೇಲೆ ದಂಡ, ಬೈಠಕು. ಮುಸಲ್ಮಾನ ಹುಡುಗನೂ ಆ ಪಟದ ಮುಂದೆ ಕೈ ಎತ್ತಿಯೇ ಇಳಿಯುತ್ತಾನೆ, ಹಿಂದೂ ಹುಡುಗನೂ ಮುಸಲ್ಮಾನ ವಸ್ತಾದರ ಕಾಲು ಮುಟ್ಟಿಯೇ ಇಳಿಯುತ್ತಾನೆ. ಕೊಲ್ಹಾಪುರದ ಹಳೆಯ ತಾಲೀಮುಗಳ ಹೆಸರು ಕೇಳಿ ನೋಡಿ: ಮೋತಿಬಾಗ, ಗಂಗಾವೇಸ, ಶಾಹುಪುರಿ, ಕಾಳಾ ಇಮಾಮ.

ಫಡದಲ್ಲಿ ಕುಸ್ತಿ ಹೀಗೆ ನಡೆಯುತ್ತದೆ. ಹಲಗೆ ಬಡಿತ ಏರುತ್ತದೆ. ಪಂಚರು ಜೋಡಿಯ ಕೈ ಕೂಡಿಸುತ್ತಾರೆ. ಇಬ್ಬರೂ ಬಗ್ಗಿ ಚಿಟಿಕೆ ಮಣ್ಣೆತ್ತಿ ಒಬ್ಬರ ಮೈಗೆ ಒಬ್ಬರು ಹಾಕುತ್ತಾರೆ. ಬೆವರಿದ ಮೈ ಜಾರಬಾರದು ಎಂಬುದು ಅದರ ಉಪಯೋಗ, ನಿನ್ನ ಮೇಲೆ ನನಗೆ ಹಗೆಯಿಲ್ಲ ಎಂಬುದು ಅದರ ಮರ್ಯಾದೆ. ಹಣೆಗೆ ಹಣೆ ಹಚ್ಚಿ, ಕುತ್ತಿಗೆಯ ಮೇಲೆ ಕೈ ಹಾಕಿ, ಬಹಳ ಹೊತ್ತು ಏನೂ ಆಗದಂತೆ ಕಾಣುತ್ತದೆ. ಪಟ್ಟಣದಿಂದ ಬಂದವರು ಬೇಸರಪಡುವುದು ಈ ಗಳಿಗೆಯಲ್ಲಿ. ತಿಳಿದವರು ಉಸಿರು ಹಿಡಿಯುವುದೂ ಇದೇ ಗಳಿಗೆಯಲ್ಲಿ, ಯಾಕೆಂದರೆ ಅವರ ಕಣ್ಣು ಮುಖದ ಮೇಲಿರುವುದಿಲ್ಲ, ಹಿಮ್ಮಡಿಯ ಮೇಲಿರುತ್ತದೆ. ಭಾರ ಯಾವ ಹಿಮ್ಮಡಿಗೆ ಹೋಯಿತು ಎಂದು ಎದುರಿನವನಿಗೆ ಗೊತ್ತಾದ ಕ್ಷಣಕ್ಕೇ ಧೋಬಿ ಪಟ್ಟು ಬೀಳುತ್ತದೆ, ಆಕಾಶ ನೋಡಿದವನು ಸೋತ. ನಿಕಾಲಿ ಕುಸ್ತಿ ಎಂದರೆ ಇದೇ. ಅಂಕವಿಲ್ಲ, ಗಡಿಯಾರವಿಲ್ಲ, ಪಂಚರಿಗೆ ತೀರ್ಪು ಹೇಳುವ ಕೆಲಸವೂ ಇಲ್ಲ. ಬೆನ್ನಿಗೆ ಮಣ್ಣು ಹತ್ತಿತೋ ಇಲ್ಲವೋ, ಇಪ್ಪತ್ತು ಸಾವಿರ ಜನ ನೋಡಿರುತ್ತಾರೆ. ಗೆದ್ದವನು ರುಮಾಲು ಸುತ್ತಿಸಿಕೊಂಡು ಜನರ ನಡುವೆ ಸುತ್ತು ಹಾಕುತ್ತಾನೆ. ಯಾರು ಎಷ್ಟು ಕೊಟ್ಟರೂ ಬಗ್ಗಿ ಇಸಿದುಕೊಳ್ಳುತ್ತಾನೆ.

ಅದೇ ಕಾಲದಲ್ಲಿ ಕುಸ್ತಿಯನ್ನು ಬೇರೆ ರೀತಿ ಮಾರಿದವರೂ ಇದ್ದರು. ಗಾಮಾ, ಇಮಾಮ್ ಬಕ್ಷರನ್ನು 1910ರಲ್ಲಿ ಲಂಡನ್ನಿಗೆ ಕರೆದೊಯ್ದದ್ದು ಬೆಂಜಮಿನ್ ಎಂಬ ವೃತ್ತಿಪರ ಪ್ರವರ್ತಕ. ಪತ್ರಿಕೆಯಲ್ಲಿ ಸವಾಲು ಹಾಕಿಸಿ, ಟಿಕೆಟ್ ಮಾರಿ, ಪಂದ್ಯ ಕೂಡಿಸುವುದು ಅವನ ಕಸುಬು. ಆ ಸೆಪ್ಟೆಂಬರ್ 10ರಂದು ಪೋಲೆಂಡಿನ ಜ್ಬಿಸ್ಕೋ ಗಾಮಾನ ಕೈಗೆ ಬೆನ್ನು ಸಿಗದಂತೆ ಎರಡೂವರೆ ತಾಸಿನ ಬಹುಪಾಲು ಹೊಟ್ಟೆಯ ಮೇಲೆ ಮಲಗಿ ಕಳೆದ, ಒಂದು ವಾರ ಬಿಟ್ಟು ಇಟ್ಟ ಮರುಪಂದ್ಯಕ್ಕೆ ಬರಲೇ ಇಲ್ಲ. ಬೆಂಜಮಿನ್‌ಗೆ ಪಂದ್ಯ ಮುಗಿದರೆ ವ್ಯವಹಾರ ಮುಗಿಯಿತು. ಯಾವ ಹಳ್ಳಿಯ ಹುಡುಗನಿಗೂ ಅವನಿಂದ ಏನೂ ಉಳಿಯಲಿಲ್ಲ. ಶಾಹು ಮಹಾರಾಜರಿಂದ ಮೈದಾನ ಉಳಿಯಿತು, ತಾಲೀಮು ಉಳಿಯಿತು, ಕಲಿಸುವವರು ಉಳಿದರು. ಜಮೆಯ ಬದಿಯಲ್ಲಿ ಇದು ದೊಡ್ಡ ಮೊತ್ತ.

ಈಗ ಮೈಸೂರಿನ ಮಾತು. ಅಲ್ಲಿಯ ದಸರಾ ವಜ್ರಮುಷ್ಟಿ ಕಾಳಗ ನಾಡಿಗೆಲ್ಲ ಗೊತ್ತು. ತಲೆ ಬೋಳಿಸಿ, ಮುಷ್ಟಿಗೆ ಆಯುಧ ಧರಿಸಿ, ಅರಮನೆಯ ಅಂಗಳದಲ್ಲಿ ಜಟ್ಟಿಗಳು ಹೋರಾಡಬೇಕು, ಒಂದು ಹನಿ ರಕ್ತ ಕಂಡರೆ ಮುಗಿಯಿತು, ಅದು ವಿಜಯದಶಮಿಯ ವಿಧಿ. ಆದರೆ ಆ ಕಾಳಗಕ್ಕೆ ಇಳಿಯಬೇಕಾದರೆ ಜಟ್ಟಿಯಾಗಿ ಹುಟ್ಟಬೇಕು. ಮೈಸೂರಿನ ಗರಡಿಗಳಲ್ಲಿ ಬೇರೆ ಜಾತಿಯವರೂ ಸಾಮು ಮಾಡಿದ್ದಾರೆ, ದಸರೆಗೆ ಬಯಲು ಕುಸ್ತಿಯೂ ಉಂಟು, ಇಲ್ಲವೆನ್ನುವುದಿಲ್ಲ. ಅರಮನೆಯ ಮಾನ ಮಾತ್ರ ವಂಶಕ್ಕೆ ಸಂದದ್ದು. ಖಾಸಬಾಗದ ಮಾನ ಬೆನ್ನಿಗೆ ಮಣ್ಣು ಹತ್ತದವನಿಗೆ. ಒಬ್ಬನೇ ಗುರುವಿನ ಇಬ್ಬರು ಶಿಷ್ಯರಲ್ಲಿ ಒಬ್ಬರು ಪದ್ಧತಿಯನ್ನು ಕಾಪಾಡಿದರು, ಇನ್ನೊಬ್ಬರು ಪದ್ಧತಿಯ ಬಾಗಿಲು ತೆಗೆದಿಟ್ಟರು.

ಬಾಗಿಲು ತೆಗೆಯುವ ಈ ಹಟ ಎಲ್ಲಿಂದ ಬಂತೆಂದು ಹುಡುಕಿದರೆ ನಮ್ಮ ಹುಕ್ಕೇರಿ ತಾಲ್ಲೂಕಿಗೇ ಬರಬೇಕಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಪಂಚಗಂಗೆಯಲ್ಲಿ ಕಾರ್ತೀಕ ಸ್ನಾನಕ್ಕಿಳಿದ ಮಹಾರಾಜರಿಗೆ ಪುರೋಹಿತರು ವೇದಮಂತ್ರ ಬಿಟ್ಟು ಪುರಾಣದ ಮಂತ್ರ ಹೇಳಿದರು. ಛತ್ರಪತಿಯಾದರೂ ನೀವು ಶೂದ್ರರೇ ಎಂಬುದು ಅದರ ಅರ್ಥ. ವೇದೋಕ್ತ ಪ್ರಕರಣವೆಂದು ಹೆಸರಾದ ಆ ಜಗಳದಲ್ಲಿ ನಮ್ಮ ತಾಲ್ಲೂಕಿನ ಸಂಕೇಶ್ವರ–ಕರವೀರ ಪೀಠದ ಮಠವೂ ಸಿಕ್ಕಿಕೊಂಡಿತು, ಸಂಸ್ಥಾನದಲ್ಲಿದ್ದ ಮಠದ ಆಸ್ತಿ ಜಪ್ತಿಯಾಗುವವರೆಗೆ ಹೋಯಿತು. ಸಿಂಹಾಸನದ ಮೇಲೆ ಕೂತವನಿಗೇ ಹುಟ್ಟಿನ ಲೆಕ್ಕ ಹೇಳುವವರಿದ್ದರೆ ಕೆಳಗಿನವರ ಪಾಡೇನು ಎಂದು ಆ ಮನುಷ್ಯನಿಗೆ ಅನ್ನಿಸಿತು. ಮುಂದಿನ ಇಪ್ಪತ್ತು ವರ್ಷ ಅವರು ಮಾಡಿದ್ದೆಲ್ಲ ಇದಕ್ಕೆ ಕೊಟ್ಟ ಉತ್ತರ: ಜಾತಿಗೊಂದು ವಿದ್ಯಾರ್ಥಿ ವಸತಿಗೃಹ, 1917ರಲ್ಲಿ ಕಡ್ಡಾಯ ಉಚಿತ ಪ್ರಾಥಮಿಕ ಶಿಕ್ಷಣ, 1920ರ ಮಾರ್ಚಿನಲ್ಲಿ ಮಾಣಗಾಂವ ಪರಿಷತ್ತಿನಲ್ಲಿ ಅಂಬೇಡ್ಕರರನ್ನು ನಿಮ್ಮ ನಾಯಕ ಇವರೇ ಎಂದು ಜನರಿಗೆ ತೋರಿಸಿದ್ದು. ಅರಮನೆಯ ಲಾಯದಲ್ಲಿ ನೀರಿನ ತೊಟ್ಟಿ ಮುಟ್ಟಿದ್ದಕ್ಕೆ ಏಟು ತಿಂದ ಗಂಗಾರಾಮ ಕಾಂಬಳೆಗೆ ಚಹಾದಂಗಡಿ ಹಾಕಿಸಿ, ತಾವೇ ಗಾಡಿ ನಿಲ್ಲಿಸಿ ಅಲ್ಲಿ ಚಹಾ ಕುಡಿಯುತ್ತಿದ್ದರು. ರಾಜ ಕುಡಿದ ಮೇಲೆ ಜೊತೆಗಿದ್ದ ಸರದಾರರೂ ಕುಡಿಯಲೇಬೇಕಾಯಿತು. ಕಾಯ್ದೆಯ ಬಲವಿಲ್ಲದೆ, ಎಲ್ಲರ ಕಣ್ಣೆದುರು ಮಾಡಿ ತೋರಿಸುವ ಕೆಲಸ ಅದು. ಕುಸ್ತಿಯೂ ಅವರ ಕೈಯಲ್ಲಿ ಅಂಥದ್ದೇ ಕೆಲಸ. ಮೈಗೆ ಮೈ ತಾಗದೆ ಕುಸ್ತಿ ಇಲ್ಲ. ಮುಟ್ಟಬಾರದು ಎಂಬ ಮಾತು ಆ ಕಣದಲ್ಲಿ ನಡೆಯುವುದಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಕಣ ಜಾತಿ ಕೇಳುವುದಿಲ್ಲ, ಸರಿ. ಆದರೆ ಕಣದವರೆಗೆ ಬರುವ ದಾರಿ ಕೇಳುತ್ತದೆ. ದಿನಾ ಹಾಲು, ತುಪ್ಪ, ಬಾದಾಮಿ ಬೇಕಾದ ವಿದ್ಯೆ ಇದು. ಮನೆಯಲ್ಲಿ ಎಮ್ಮೆ ಇರಬೇಕು, ಎಮ್ಮೆಗೆ ಮೇವು ಬೆಳೆಯಲು ಹೊಲ ಇರಬೇಕು, ದುಡಿಯುವ ವಯಸ್ಸಿನ ಮಗನನ್ನು ದುಡಿಮೆಯಿಂದ ಬಿಡಲು ಮನೆಗೆ ತ್ರಾಣವಿರಬೇಕು. ಹೊಲವಿಲ್ಲದವನ ಮಗ ಎಷ್ಟು ಗಟ್ಟಿಗನಾದರೂ ಯಾರಾದರೂ ಎತ್ತಿ ಹಿಡಿಯದೆ ಪೈಲ್ವಾನನಾಗಲಾರ. ಅರಮನೆ ಎತ್ತಿ ಹಿಡಿದವರು ಉದ್ಧಾರವಾದರು, ಅದರ ಕಣ್ಣಿಗೆ ಬೀಳದವರು ಹೊಲದ ಕೂಲಿಗೆ ಮರಳಿದರು. ಹೆಣ್ಣುಮಕ್ಕಳಂತೂ ಆ ಲೆಕ್ಕದಲ್ಲೇ ಇರಲಿಲ್ಲ.

ಖರ್ಚಿನ ಬದಿ ಶುರುವಾಗುವುದೇ ಇಲ್ಲಿಂದ. ಬರ, ಪ್ಲೇಗು ಎರಡೂ ಬಡಿದು ಹೋದ ಸಂಸ್ಥಾನದಲ್ಲಿ ಖಜಾನೆಯ ಹಣವನ್ನು ಮಲ್ಲರ ಖುರಾಕಿಗೆ ಸುರಿಯುವುದು ಸರಿಯೇ ಎಂದು ಯಾರಾದರೂ ಕೇಳಿದರೆ ತಪ್ಪು ಹೇಳಲಾಗದು. ನಾನಾದರೆ ಈ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. ಮಿಕ್ಕ ಅರ್ಧ ಒಪ್ಪದಿರುವುದಕ್ಕೆ ಕಾರಣ, ಶಾಲೆ, ವಸತಿಗೃಹ, ರಾಧಾನಗರಿಯ ಅಣೆಕಟ್ಟಿಗೆ ಕೈ ಹಾಕಿದ ರಾಜ ಇವರೇ. ಪೈಲ್ವಾನರಿಗಾಗಿ ಅವನ್ನು ಬಿಟ್ಟವರಲ್ಲ. ಅದಕ್ಕಿಂತ ಗಂಭೀರವಾದ ದೋಷ ಬೇರೆ ಇದೆ. ಇಡೀ ಏರ್ಪಾಟು ಒಬ್ಬ ಮನುಷ್ಯನ ಪ್ರೀತಿಯ ಮೇಲೆ ನಿಂತಿತ್ತು. ಪೈಲ್ವಾನ ಕೇಳುತ್ತಿದ್ದದ್ದು ಹಕ್ಕನ್ನಲ್ಲ, ಮೆಹರಬಾನಿಯನ್ನು. 1922ರ ಮೇ 6ರಂದು ಮಹಾರಾಜರು ಮುಂಬಯಿಯಲ್ಲಿ ತೀರಿಕೊಂಡರು, ವಯಸ್ಸು ಬರೀ ನಲವತ್ತೇಳು. ಮುಂದಿನ ಅರಸರು ಕುಸ್ತಿಯನ್ನು ಕೈಬಿಡಲಿಲ್ಲ. 1949ರಲ್ಲಿ ಸಂಸ್ಥಾನವೇ ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಮಾತ್ರ, ಪೈಲ್ವಾನನ ಊಟ ಯಾರ ಜವಾಬ್ದಾರಿ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಖುರಾಕು ಕೊಟ್ಟ ರಾಜ, ಮೈ ಸೋತ ಮೇಲಿನ ಬದುಕಿಗೆ ಏನೂ ಕಟ್ಟಿಟ್ಟಿರಲಿಲ್ಲ. ಆ ಕಾಲದ ಯಾವ ರಾಜರೂ ಕಟ್ಟಿಡಲಿಲ್ಲ. ಮಹಾ ಗಾಮಾನಂಥವನೇ ದೇಶ ಒಡೆದ ಮೇಲೆ ಲಾಹೋರಿನಲ್ಲಿ ಬಡತನದಲ್ಲಿ 1960ರಲ್ಲಿ ಸತ್ತ.

ಎರಡನೆಯ ದೋಷ ಮಣ್ಣಿನದು. ಖಾಸಬಾಗದ ಜಯ ಎಷ್ಟು ದೊಡ್ಡದಿತ್ತೆಂದರೆ ಅದರಾಚೆ ನೋಡುವ ಅಗತ್ಯ ಕೊಲ್ಹಾಪುರಕ್ಕೆ ಕಾಣಲಿಲ್ಲ. ತೂಕದ ವಿಂಗಡಣೆ, ಅಂಕ, ಸಮಯದ ಮಿತಿ, ಮ್ಯಾಟು ಎಲ್ಲ ಪರಕೀಯ ಚೇಷ್ಟೆ ಎನ್ನಿಸಿತು. 1920ರಲ್ಲಿ, ಮಹಾರಾಜರು ಬದುಕಿದ್ದಾಗಲೇ, ಆಂಟ್ವರ್ಪ್ ಒಲಿಂಪಿಕ್ಸಿಗೆ ಭಾರತದಿಂದ ಇಬ್ಬರು ಕುಸ್ತಿಪಟುಗಳು ಹೋದರು, ಅವರಲ್ಲಿ ರಣಧೀರ ಶಿಂದೆ ನಾಲ್ಕನೆಯ ಸ್ಥಾನ ಪಡೆದು ಪದಕದ ಹೊಸ್ತಿಲಲ್ಲಿ ನಿಂತರು. ಅದೇ ತಂಡದಲ್ಲಿ ಮ್ಯಾರಥಾನ್ ಓಡಿದವರು ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ. ಆ ತಂಡವನ್ನು ಹೊರಡಿಸಿದ ಓಡಾಟ ಪುಣೆಯ ಡೆಕ್ಕನ್ ಜಿಮ್ಖಾನಾ ಮತ್ತು ದೊರಾಬ್ಜಿ ಟಾಟಾರದು. ಕುಸ್ತಿಯ ಕಾಶಿಯಂತಿದ್ದ ಕೊಲ್ಹಾಪುರ ಆ ಹೊತ್ತಿಗೆ ಆಚೆಯ ದಾರಿಯಲ್ಲಿ ಇರಲಿಲ್ಲ.

ಆ ತಪ್ಪಿದ ದಾರಿಯ ಬೆಲೆ ಕಟ್ಟಿದವರು ಖಾಶಾಬಾ ಜಾಧವ. ಕರಾಡದ ಹತ್ತಿರದ ಗೋಳೇಶ್ವರದವರು, ಓದಿದ್ದು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ. 1948ರಲ್ಲಿ ಕೊಲ್ಹಾಪುರದ ಮಹಾರಾಜರ ನೆರವಿನಿಂದ ಲಂಡನ್ ಒಲಿಂಪಿಕ್ಸಿಗೆ ಹೋಗಿ ಆರನೆಯ ಸ್ಥಾನ ಪಡೆದರು. ಮಣ್ಣಿನಲ್ಲಿ ಬೆಳೆದವನಿಗೆ ಮ್ಯಾಟು ಹೊಸದು, ನಿಯಮ ಹೊಸದು. 1952ರ ಹೆಲ್ಸಿಂಕಿ ಬರುವಷ್ಟರಲ್ಲಿ ಸಂಸ್ಥಾನ ಹೋಗಿತ್ತು, ಹೊಸ ಸರ್ಕಾರಕ್ಕೆ 26 ವರ್ಷದ ಈ ಸಣ್ಣ ಮೈಯ ಪೈಲ್ವಾನನ ಪರಿವೆ ಇರಲಿಲ್ಲ. ಜಾಧವ ಊರೂರು ತಿರುಗಿ ವಂತಿಗೆ ಎತ್ತಿದರು. ಕಾಲೇಜಿನ ಪ್ರಾಂಶುಪಾಲ ಖರ್ಡೀಕರ್ ಸ್ವಂತ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಬಂದದ್ದು ಕಂಚಿನ ಪದಕ, ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ಮೊದಲನೆಯದು. ಕುಸ್ತಿಯಲ್ಲಿ ಎರಡನೆಯ ಪದಕ ಬರಲು 2008ರವರೆಗೆ, ಅಂದರೆ 56 ವರ್ಷ, ಕಾಯಬೇಕಾಯಿತು. ಇಷ್ಟು ಕುಸ್ತಿ ಇದ್ದ ನಾಡಿಗೆ ಇದು ಮರ್ಯಾದೆ ತರುವ ಲೆಕ್ಕವಲ್ಲ. ಇದರ ಹೊಣೆಯನ್ನೆಲ್ಲ ಶಾಹು ಮಹಾರಾಜರ ತಲೆಗೆ ಕಟ್ಟುವುದು ಅನ್ಯಾಯ, ಅವರು ಹೋಗಿ ಮೂವತ್ತು ವರ್ಷವಾಗಿತ್ತು. ಆದರೆ ಅವರ ಹೆಸರು ಹೇಳಿಕೊಂಡು ‘ನಮ್ಮದು ಮಣ್ಣಿನ ಕುಸ್ತಿ’ ಎಂದು ಮ್ಯಾಟಿನಿಂದ ಮುಖ ತಿರುಗಿಸಿದವರು ಅವರ ಪರಂಪರೆಯವರೇ. ಇಟಲಿಯ ಬಯಲು ರಂಗಭೂಮಿ ನೋಡಿ ಖಾಸಬಾಗ ಕಟ್ಟಿಸಿದ ಮನುಷ್ಯ ಹೊಸದಕ್ಕೆ ಹೆದರುತ್ತಿದ್ದರು ಎಂದು ನಾನು ನಂಬಲಾರೆ.

ನಮ್ಮ ಸೀಮೆಗೆ ಸಿಕ್ಕ ಪಾಲೇನು? ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದಲ್ಲಿ 1934ರಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ ಕೊಲ್ಹಾಪುರಕ್ಕೆ ಹೋಗಿ ಶಾಹುಪುರಿ ತಾಲೀಮಿನಲ್ಲಿ ಪಳಗಿ, 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಪೈಲ್ವಾನನನ್ನು ಕೆಡವಿ ಹಿಂದ್ ಕೇಸರಿಯಾದರು. ಪಂಜಾಬಿನವರನ್ನು ಕರೆಸಿ ನಮ್ಮ ಹುಡುಗರಿಗೆ ಕಲಿಸಿದ ಏರ್ಪಾಟು ಎರಡು ತಲೆಮಾರಿನ ಮೇಲೆ ಪಂಜಾಬಿಗೇ ಉತ್ತರ ಕೊಟ್ಟಿತು. ಆ ಹೊತ್ತಿಗೆ ಯಕ್ಸಂಬಾ ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷ. ಆದರೂ ಅವರು ಬಾಳಿದ್ದು, 2020ರ ಡಿಸೆಂಬರ್ 14ರಂದು ಕಣ್ಣು ಮುಚ್ಚಿದ್ದು ಕೊಲ್ಹಾಪುರದಲ್ಲೇ. ಮಹಾರಾಷ್ಟ್ರದವರು ಅವರನ್ನು ತಮ್ಮವರೆಂದರು, ತಪ್ಪೇನಿಲ್ಲ. ನಾವು ನಮ್ಮವರೆಂದು ಹೇಳಿಕೊಂಡದ್ದೇ ಕಡಿಮೆ. ಬೆಂಗಳೂರಿನ ಎಷ್ಟು ಜನ ಕನ್ನಡ ಓದುಗರಿಗೆ ಆ ಹೆಸರು ಗೊತ್ತು?

ಇದನ್ನು ಸಂಗೀತದ ಜೊತೆ ಇಟ್ಟು ನೋಡಿ. ಶಾಹು ಮಹಾರಾಜರು ಉತ್ತರದಿಂದ ಪೈಲ್ವಾನರನ್ನು ಕರೆಸಿದ ಹಾಗೆಯೇ ಗವಯಿ ಅಲ್ಲಾದಿಯಾ ಖಾನರನ್ನೂ ಆಸ್ಥಾನದಲ್ಲಿ ಇರಿಸಿಕೊಂಡಿದ್ದರು. ಖಾನಸಾಹೇಬರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರಿಂದ ಕಲಿತವರು ಧಾರವಾಡದ ಮಲ್ಲಿಕಾರ್ಜುನ ಮನಸೂರ. ಆ ಗಾಯಕಿ ಧಾರವಾಡದಲ್ಲಿ ಮನೆ ಮಾಡಿತು, ನಾವು ಅದನ್ನು ಕನ್ನಡದ ಹೆಮ್ಮೆಯೆಂದು ಎದೆ ತಟ್ಟಿ ಹೇಳುತ್ತೇವೆ, ಪುಸ್ತಕ ಬರೆಯುತ್ತೇವೆ, ಸ್ಮಾರಕ ಭವನ ಕಟ್ಟುತ್ತೇವೆ. ಅದೇ ಆಸ್ಥಾನದಿಂದ, ಅದೇ ರಾಜರ ಕೈಯಿಂದ ಬಂದ ಕುಸ್ತಿಗೆ ಆ ಗೌರವ ಸಿಗಲಿಲ್ಲ. ಓದುಬರಹದವರಿಗೆ ಸಂಗೀತ ಸಂಸ್ಕೃತಿ, ಕುಸ್ತಿ ಜಾತ್ರೆಯ ಗದ್ದಲ. ಖಾಸಬಾಗವನ್ನೂ ಪ್ಯಾಲೇಸ್ ಥಿಯೇಟರನ್ನೂ ಅಕ್ಕಪಕ್ಕ ಕಟ್ಟಿಸಿದ ರಾಜರಿಗೆ ಈ ಭೇದ ಇರಲಿಲ್ಲ.

ಇವತ್ತು ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಜಾತ್ರೆಗಳಲ್ಲಿ ಕುಸ್ತಿ ನಿಂತಿಲ್ಲ. ತೆಂಗಿನಕಾಯಿಗೆ ಬಿಡುವ ಸಣ್ಣ ಹುಡುಗರ ಜೋಡಿಯಿಂದ ಶುರುವಾಗಿ, ಸಂಜೆಗೆ ಬೆಳ್ಳಿ ಕಡೆಯ ದೊಡ್ಡ ಜೋಡಿಯವರೆಗೆ ನಡೆಯುತ್ತದೆ. ಕೆಲವು ಕಡೆ ಹೆಣ್ಣುಮಕ್ಕಳ ಜೋಡಿಯನ್ನೂ ಬಿಡುತ್ತಾರೆ, ಹಲಗೆ ಅವರಿಗೂ ಅಷ್ಟೇ ಜೋರಾಗಿ ಬಡಿಯುತ್ತದೆ. ಗಡಿಯಾಚೆ ವಾರಣಾದಂಥ ಸಕ್ಕರೆ ಸಹಕಾರಿಗಳು ದೊಡ್ಡ ಕುಸ್ತಿ ಮೈದಾನ ನಡೆಸಿ ರಾಜರ ಜಾಗವನ್ನು ಅಷ್ಟಿಷ್ಟು ತುಂಬಿವೆ. ನಮ್ಮ ಕಡೆ ಕಬ್ಬಿಗೆ ಕೊರತೆಯಿಲ್ಲ, ಕಾರ್ಖಾನೆಗೆ ಕೊರತೆಯಿಲ್ಲ, ಶಾಸಕರಿಗಂತೂ ಇಲ್ಲವೇ ಇಲ್ಲ. ಫಡದ ದಿನ ಗದೆ ಹಿಡಿದು ಫೋಟೊ ತೆಗೆಸಿಕೊಳ್ಳುವವರು ಬಹಳ. ಮರುದಿನ ಬೆಳಗ್ಗೆ ತಾಲೀಮಿನ ಹುಡುಗನಿಗೆ ಹಾಲು ಯಾರು ಕೊಡುತ್ತಾರೆ ಎಂದರೆ ಮತ್ತೆ ಅವನ ಅವ್ವನೇ.

ನನ್ನ ತೀರ್ಪು ಇಷ್ಟು. ಶಾಹು ಮಹಾರಾಜರು ಎಷ್ಟು ಮಲ್ಲರನ್ನು ಸಾಕಿದರು ಎಂಬುದು ಅವರ ದೊಡ್ಡಸ್ತಿಕೆಯಲ್ಲ, ಅದನ್ನು ಬೇರೆ ರಾಜರೂ ಮಾಡಿದ್ದರು. ಅರಮನೆಯ ಅಂಗಳದಿಂದ ಕುಸ್ತಿಯನ್ನು ಎತ್ತಿ ತಂದು, ಕಟ್ಟಕಡೆಯವನಿಗೂ ಕಾಣುವಂಥ ಜಾಗದಲ್ಲಿ ಇಟ್ಟದ್ದು ದೊಡ್ಡಸ್ತಿಕೆ. ಆ ಜಾಗಕ್ಕೆ ಬರುವ ಹುಡುಗನ ಬದುಕನ್ನು ತಮ್ಮ ದಯೆಯ ಮೇಲೆ ಬಿಟ್ಟು ಹೋದದ್ದು ಅವರ ಕೊರತೆ. ಮೊದಲನೆಯದನ್ನು ಇನ್ನೊಮ್ಮೆ ಮಾಡಲು ನಮ್ಮಿಂದ ಆಗಲಿಕ್ಕಿಲ್ಲ. ಎರಡನೆಯದನ್ನು ತುಂಬಿಕೊಡಲು ರಾಜರೇ ಬೇಕೆಂದಿಲ್ಲ. ತಾಲ್ಲೂಕಿಗೊಂದು ಒಳ್ಳೆಯ ತಾಲೀಮು, ಅದರಲ್ಲಿ ಮಣ್ಣಿನ ಪಕ್ಕ ಒಂದು ಮ್ಯಾಟು, ಸಂಬಳ ಕೊಟ್ಟು ಇಟ್ಟುಕೊಂಡ ಒಬ್ಬ ವಸ್ತಾದ, ಬಡ ಹುಡುಗ–ಹುಡುಗಿಯರಿಗೆ ವರ್ಷವಿಡೀ ಖುರಾಕು. ಒಂದು ಸಕ್ಕರೆ ಕಾರ್ಖಾನೆ ಮನಸ್ಸು ಮಾಡಿದರೆ ಆಗುವ ಕೆಲಸ.

ಮುಂದಿನ ಸಲ ಅಂಬಾಬಾಯಿ ದರ್ಶನಕ್ಕೆ ಕೊಲ್ಹಾಪುರಕ್ಕೆ ಹೋದವರು ಗುಡಿಯಿಂದ ಖಾಸಬಾಗಕ್ಕೂ ನಡೆದು ಹೋಗಿ ಬನ್ನಿ, ದೂರವೇನಿಲ್ಲ. ಎಲ್ಲಕ್ಕಿಂತ ಮೇಲಿನ ಸಾಲಿಗೆ ಹತ್ತಿ, ಅಲ್ಲಿಂದ ಕಣ ಕಾಣುತ್ತದೋ ಇಲ್ಲವೋ ನೀವೇ ನೋಡಿ.